ಕೌಬಾಯ್, ಡೆಕರ್, ರನ್ನರ್, ನೆಟ್ಟಿಗ: ಹ್ಯಾಕರ್‌ಗೆ ಎಷ್ಟು ಹೆಸರು?

ಕಳೆದ ಎಪಿಸೋಡ್ ಆದ ಮೇಲೆ ಕೇಳುಗರೊಬ್ಬರು ಒಂದು ವಾಯ್ಸ್ ಮೆಸೇಜ್ ಕಳಿಸಿದ್ರು. ಸೈಬರ್‌ಪಂಕ್ 2077 ಗೇಮ್ ಆಡ್ತಾ ಇದ್ದಾರಂತೆ. ಅವರ ಪ್ರಶ್ನೆ ಇಷ್ಟೇ: "ಗುರು, ಈ ಗೇಮ್‌ನಲ್ಲಿ ಹ್ಯಾಕ್ ಮಾಡೋರನ್ನ ನೆಟ್‌ರನ್ನರ್ ಅಂತಾರಲ್ಲ, ಸುಮ್ನೆ ಹ್ಯಾಕರ್ ಅಂದ್ರೆ ಏನಾಗ್ತಿತ್ತು?"

ನೇರ ಉತ್ತರ ಎರಡು ಸಾಲಿನದ್ದು. 1988ರಲ್ಲಿ ಮೈಕ್ ಪಾಂಡ್‌ಸ್ಮಿತ್ ಅನ್ನೋರು ಅಮೆರಿಕದಲ್ಲಿ 'ಸೈಬರ್‌ಪಂಕ್' ಅನ್ನೋ ಆಟ ಮಾಡಿದ್ರು. ಕಂಪ್ಯೂಟರ್‌ನಲ್ಲಿ ಆಡೋದಲ್ಲ, ಟೇಬಲ್ ಸುತ್ತ ಕೂತು ಪುಸ್ತಕ, ಪೆನ್ಸಿಲ್, ದಾಳ ಇಟ್ಕೊಂಡು ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ ಆಡೋದು. ಆ ಪಾತ್ರಗಳಲ್ಲಿ ನೆಟ್‌ರನ್ನರ್ ಒಂದು. 2020ರ ಡಿಸೆಂಬರ್‌ನಲ್ಲಿ ಬಂದ ವಿಡಿಯೊ ಗೇಮ್ ಅದೇ ಲೋಕವನ್ನ ತಗೊಂಡಿತು, ಹೆಸರೂ ಜೊತೆಗೇ ಬಂತು.

ಆದ್ರೆ ಆ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ. ಹ್ಯಾಕರ್ ಅನ್ನೋ ಪದ ಆಗಲೇ ಇತ್ತಲ್ಲ? ಈ ಕಥೆ ಬರೆದವರು, ಆಟ ಮಾಡಿದವರು ಒಬ್ಬೊಬ್ಬರೂ ಹೊಸ ಹೆಸರು ಯಾಕೆ ಹುಡುಕಿದ್ರು? ನಾನು ಬಿ.ಕಾಂ ಓದಿದವನು. ಕೋಡಿಂಗ್ ಬರಲ್ಲ, ಅದರ ಒಳಗಿನ ಕಥೆ ಹೇಳೋಕೆ ಹೋಗಲ್ಲ. ಹೆಸರುಗಳ ಕಥೆ ಮಾತ್ರ ಹೇಳ್ತೀನಿ. ಈ ಕಥೆಯಲ್ಲಿ ಒಂದು ಪೊಲೀಸ್ ದಾಳಿ ಇದೆ, ಒಂದು ವಿಚಿತ್ರವಾದ ಬಿಲ್ ಇದೆ, ನಮ್ಮ ದೇಶದ ಒಂದು ಕಾನೂನೂ ಇದೆ.

ಮೊದಲು ಹ್ಯಾಕರ್ ಪದಾನೇ ನೋಡೋಣ. ಇದು ಹುಟ್ಟಿದ್ದು ಕಳ್ಳತನದಿಂದ ಅಲ್ಲ. ಅಮೆರಿಕದ ಎಂಐಟಿಯಲ್ಲಿ 1950ರ ದಶಕದಲ್ಲಿ ಆಟಿಕೆ ರೈಲುಗಳ ಕ್ಲಬ್ ಒಂದಿತ್ತು. ಟೇಬಲ್ ಮೇಲೆ ಪುಟಾಣಿ ಊರು ಕಟ್ಟಿ, ಹಳಿ ಹಾಕಿ, ರೈಲು ಓಡಿಸೋದು. ಟೇಬಲ್ ಕೆಳಗೆ ವೈರು, ಸ್ವಿಚ್ಚು, ಟೆಲಿಫೋನ್ ಇಲಾಖೆಯ ಹಳೇ ಸಾಮಾನು. ಮೇಲಿನ ರೈಲಿಗಿಂತ ಕೆಳಗಿನ ವೈರ್ ಮೇಲೆ ಪ್ರೀತಿ ಇದ್ದ ಹುಡುಗರು, ಯಾವ ದೊಡ್ಡ ಉದ್ದೇಶಾನೂ ಇಲ್ಲದೆ, ಮಾಡೋ ಖುಷಿಗೇ ಮಾಡಿದ ಜಾಣತನದ ಕೆಲಸಕ್ಕೆ 'ಹ್ಯಾಕ್' ಅಂತಿದ್ರು. ಮಾಡಿದವನು ಹ್ಯಾಕರ್. ಅದು ಬಿರುದು. ನೀವೇ ನಿಮ್ಮನ್ನ ಹ್ಯಾಕರ್ ಅಂತ ಕರ್ಕೊಳ್ಳೋ ಹಾಗಿಲ್ಲ, ಬೇರೆಯವರು ಒಪ್ಪಿ ಕೊಡಬೇಕು. ಆಮೇಲೆ ಕ್ಯಾಂಪಸ್‌ಗೆ ಕಂಪ್ಯೂಟರ್ ಬಂತು, ಹುಡುಗರು ಅದರ ಮುಂದೆ ಕೂತ್ರು, ಪದವೂ ಅಲ್ಲಿಗೆ ಹೋಯ್ತು.

ಈ ಮಂದಿಯ ಪದಗಳನ್ನೆಲ್ಲ ಒಟ್ಟು ಹಾಕಿದ ಒಂದು ಪಟ್ಟಿ ಇದೆ, ಜಾರ್ಗನ್ ಫೈಲ್ ಅಂತ. 1975ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಾಫೆಲ್ ಫಿಂಕೆಲ್ ಶುರು ಮಾಡಿದ್ದು. ಸಾಮಾನ್ಯ ಬಳಕೆದಾರರಿಗೆ ಅಲ್ಲಿ ಒಂದು ಹೆಸರಿದೆ: 'ಲೂಸರ್'. ಯೂಸರ್ ಮತ್ತು ಸೋತವನು, ಎರಡನ್ನೂ ಸೇರಿಸಿ ಹೊಸೆದಿದ್ದು. ಅಂದ್ರೆ ನಾನು, ನೀವು. ಬಹಳ ಗೊತ್ತಿದ್ದವನಿಗೆ ಅಲ್ಲಿ 'ಗುರು' ಅಂತಾರೆ. ನಮ್ಮ ಪದಾನೇ. ಆದ್ರೆ ನಾವು ಬೆಂಗಳೂರಲ್ಲಿ ಆಟೊ ಡ್ರೈವರ್‌ನಿಂದ ಹಿಡಿದು ವಾಯ್ಸ್ ಮೆಸೇಜ್ ಕಳಿಸೋರ ತನಕ ಎಲ್ಲರಿಗೂ ಗುರು ಅಂದುಬಿಟ್ಟು ಆ ಬಿರುದಿನ ರೇಟ್ ಇಳಿಸಿದ್ದೀವಿ, ಅದು ಬೇರೆ ಮಾತು.

ಇನ್ನೊಂದು ಕಡೆ ಫೋನ್ ಹುಚ್ಚರಿದ್ರು. ಇಂಗ್ಲಿಷ್‌ನಲ್ಲಿ ಫೋನ್ ಮತ್ತು ಫ್ರೀಕ್ ಸೇರಿಸಿ, ಕಾಗುಣಿತ ಬೇಕಂತಲೇ ಕೆಡಿಸಿ 'ಫ್ರೀಕ್' ಅಂತ ಬರ್ಕೊಂಡವರು. ಆಗ ಅಮೆರಿಕದ ಟ್ರಂಕ್ ಲೈನುಗಳಲ್ಲಿ 2600 ಹರ್ಟ್ಸ್‌ನ ಒಂದು ಶಬ್ದ ಕೇಳಿಸಿದ್ರೆ ಲೈನ್ ಖಾಲಿ ಇದೆ ಅಂತ ಯಂತ್ರಕ್ಕೆ ಅರ್ಥ. ಜೋ ಎಂಗ್ರೆಸಿಯಾ ಅನ್ನೋ ಹುಟ್ಟು ಕುರುಡ ಹುಡುಗ ಆ ಶಬ್ದವನ್ನ ಬಾಯಲ್ಲೇ ಶಿಳ್ಳೆ ಹೊಡೆದು ತರ್ತಿದ್ದ. ಜಾನ್ ಡ್ರೇಪರ್‌ಗೆ ಕ್ಯಾಪ್ಟನ್ ಕ್ರಂಚ್ ಅನ್ನೋ ಹೆಸರು ಬಂದಿದ್ದು ತಿಂಡಿ ಡಬ್ಬಿ ಜೊತೆ ಉಚಿತವಾಗಿ ಬರ್ತಿದ್ದ ಪೀಪಿಯಿಂದ, ಅದೂ ಅದೇ ಶಬ್ದ ಮಾಡ್ತಿತ್ತು. ಇವರ ಬಗ್ಗೆ 1971ರ ಅಕ್ಟೋಬರ್‌ನಲ್ಲಿ ಎಸ್ಕ್ವೈರ್ ಪತ್ರಿಕೆಯಲ್ಲಿ ಬಂದ ಲೇಖನ ಓದಿ ಸ್ಟೀವ್ ವೋಜ್ನಿಯಾಕ್ ಮತ್ತು ಸ್ಟೀವ್ ಜಾಬ್ಸ್ ಅದೇ ಕೆಲಸ ಮಾಡೋ ಪೆಟ್ಟಿಗೆ ಕಟ್ಟಿ ಮಾರಿದ್ರು. ಆ್ಯಪಲ್ ಕಂಪನಿ ಆಮೇಲೆ.

ಇಲ್ಲಿವರೆಗೂ ಹೆಸರು ಇಟ್ಕೊಂಡಿದ್ದು ಅವರವರೇ. 1983ರಲ್ಲಿ ಅದು ಕೈ ತಪ್ಪಿತು. ಆ ವರ್ಷ ವಾರ್‌ಗೇಮ್ಸ್ ಸಿನಿಮಾ ಬಂತು. ಒಬ್ಬ ಹುಡುಗ ಮನೆ ಕಂಪ್ಯೂಟರ್‌ನಿಂದ ಸೇನೆಯ ಕಂಪ್ಯೂಟರ್‌ಗೆ ನುಗ್ಗಿ ಮೂರನೇ ಮಹಾಯುದ್ಧದ ಬಾಗಿಲಿಗೆ ತಂದು ನಿಲ್ಲಿಸ್ತಾನೆ. ಅದೇ ವರ್ಷ ಮಿಲ್ವಾಕೀ ನಗರದ ಹುಡುಗರ ಗುಂಪೊಂದು ನಿಜವಾಗ್ಲೂ ದೊಡ್ಡ ದೊಡ್ಡ ಸಂಸ್ಥೆಗಳ ಕಂಪ್ಯೂಟರ್ ಒಳಗೆ ಹೋಗಿ ಸಿಕ್ಕಿಬಿತ್ತು. ತಮ್ಮೂರಿನ ಏರಿಯಾ ಕೋಡ್ 414 ಅನ್ನೇ ಗುಂಪಿನ ಹೆಸರು ಮಾಡ್ಕೊಂಡಿದ್ರು, ಆದ್ರೆ ಪತ್ರಿಕೆಗಳಿಗೆ ಅವರು 'ಹ್ಯಾಕರ್'ಗಳು. ಹಳಬರಿಗೆ ಸಿಟ್ಟು ಬಂತು. ಒಳನುಗ್ಗಿ ಹಾಳು ಮಾಡೋರಿಗೆ 'ಕ್ರ್ಯಾಕರ್' ಅನ್ನಿ, ನಮ್ಮ ಹೆಸರು ಕೆಡಿಸಬೇಡಿ ಅಂದ್ರು. ಯಾರೂ ಕೇಳಲಿಲ್ಲ. ನಮ್ಮಲ್ಲಂತೂ ಆ ಪದ ಓಡೋ ಚಾನ್ಸೇ ಇರ್ಲಿಲ್ಲ, ಕ್ರ್ಯಾಕರ್ ಅಂದ್ರೆ ದೀಪಾವಳಿ ಪಟಾಕಿ.

ಸೈಬರ್‌ಪಂಕ್ ಹುಟ್ಟಿದ್ದು ಸರಿಯಾಗಿ ಇದೇ ಹೊತ್ತಿಗೆ. ಆ ಪದ ಬ್ರೂಸ್ ಬೆಥ್ಕಿ ಅನ್ನೋ ಲೇಖಕರದ್ದು. 1980ರಲ್ಲಿ ಒಂದು ಸಣ್ಣಕಥೆ ಬರೆದು ಅದಕ್ಕೆ ಆ ಹೆಸರಿಟ್ಟರು, ಅಚ್ಚಾಗಿದ್ದು 1983ರ ನವೆಂಬರ್‌ನಲ್ಲಿ. ಕಂಪ್ಯೂಟರ್ ಬಲ್ಲ ಪುಂಡ ಹುಡುಗರಿಗೆ ಒಂದು ಹೆಸರು ಬೇಕಾಗಿತ್ತು, ತಂತ್ರಜ್ಞಾನದ ಒಂದು ಪದಕ್ಕೆ ಪುಂಡತನದ ಒಂದು ಪದ ಜೋಡಿಸಿದ್ರು. ಆಮೇಲೆ ಗಾರ್ಡ್ನರ್ ಡೊಜೊಯಿಸ್ ಅನ್ನೋ ಸಂಪಾದಕರು ಹೊಸ ಲೇಖಕರ ಒಂದು ಗುಂಪಿಗೇ ಆ ಹೆಸರು ಅಂಟಿಸಿದ್ರು. ಆ ಕಥೆಗಳ ಲೋಕವನ್ನ ನಾನು ಹೀಗೆ ಹೇಳ್ತೀನಿ: ತಂತ್ರಜ್ಞಾನ ಮುಗಿಲಿನಲ್ಲಿ, ಬದುಕು ಮೋರಿಯಲ್ಲಿ. ಸರ್ಕಾರಕ್ಕಿಂತ ಕಂಪನಿ ದೊಡ್ಡದು.

ಆ ಗುಂಪಿನ ದೊಡ್ಡ ಹೆಸರು ವಿಲಿಯಂ ಗಿಬ್ಸನ್. 1984ರಲ್ಲಿ ಬಂದ 'ನ್ಯೂರೊಮ್ಯಾನ್ಸರ್' ಕಾದಂಬರಿ. ಸೈಬರ್‌ಸ್ಪೇಸ್ ಅನ್ನೋ ಪದವೂ ಇವರದ್ದೇ, 1982ರ ಒಂದು ಕಥೆಯಲ್ಲಿ ಮೊದಲು ಬಂದಿದ್ದು. ತಮಾಷೆ ಅಂದ್ರೆ ಈ ಮನುಷ್ಯ ಆ ಕಾದಂಬರಿ ಬರೆದಿದ್ದು ಟೈಪ್‌ರೈಟರ್‌ನಲ್ಲಿ. ಗಿಬ್ಸನ್ ಲೋಕದಲ್ಲಿ ಬೇರೆಯವರ ಕಂಪ್ಯೂಟರ್‌ಗೆ ನುಗ್ಗುವವನು 'ಕನ್ಸೋಲ್ ಕೌಬಾಯ್'. ಬರೀ ಕೌಬಾಯ್ ಅಂತಲೂ ಅಂತಾರೆ. ಒಳಗೆ ಹೋಗೋದು 'ಜ್ಯಾಕ್ ಇನ್'. ಕಂಪನಿಯ ಡೇಟಾ ಕಾಯೋ ಗೋಡೆ 'ಐಸ್', ಟಾಮ್ ಮ್ಯಾಡಕ್ಸ್ ಅನ್ನೋ ಗೆಳೆಯ ಕೊಟ್ಟ ಪದ ಅದು. ಐಸ್ ಕಪ್ಪಾಗಿದ್ರೆ ನುಗ್ಗಿದವನ ಪ್ರಾಣವೇ ತೆಗೆಯುತ್ತೆ. ಹಾಗೆ ಮೆದುಳಿನ ಗೆರೆ ಮಲಗಿಬಿಟ್ಟರೆ 'ಫ್ಲಾಟ್‌ಲೈನ್'. ಇವರೆಲ್ಲ ತಮ್ಮ ದೇಹಕ್ಕೆ ಏನಂತಾರೆ ಗೊತ್ತಾ? ಮಾಂಸ. ಬರೀ ಮಾಂಸ. ಹಸಿವಾದಾಗ ಮಾತ್ರ ನೆನಪಾಗೋ ವಸ್ತು.

ಸರಿ, ಕೌಬಾಯ್ ಯಾಕೆ? ಕೌಬಾಯ್ ಅಂದ ತಕ್ಷಣ ನಮಗೆ ಕುದುರೆ, ಟೋಪಿ, ಪಿಸ್ತೂಲು, ಯಾರ ಹಂಗೂ ಇಲ್ಲದ ಗಂಡಸು ಕಣ್ಣ ಮುಂದೆ ಬರ್ತಾನೆ. ಅದು ಸಿನಿಮಾ ಕೌಬಾಯ್. ನಿಜವಾದ ಕೌಬಾಯ್ ಯಾರು? ಇನ್ನೊಬ್ಬರ ದನ ಹೊಡ್ಕೊಂಡು ಹೋಗೋ ಸಂಬಳದಾಳು. ಗಿಬ್ಸನ್ ಕಾದಂಬರಿಯ ನಾಯಕ ಕೇಸ್ ಕೂಡ ಹಾಗೇ. ಅವನು ಶ್ರೀಮಂತ ಕಳ್ಳರಿಗೆ ಕೆಲಸ ಮಾಡೋ ಕೂಲಿ ಕಳ್ಳ. ಮಾಲೀಕರ ಮಾಲನ್ನೇ ಕದ್ದ ಅಂತ ಅವರು ಅವನ ನರಮಂಡಲಕ್ಕೆ ವಿಷ ಹಾಕಿ, ಮತ್ತೆ ಸೈಬರ್‌ಸ್ಪೇಸ್‌ಗೆ ಹೋಗದ ಹಾಗೆ ಮಾಡಿರ್ತಾರೆ. ಹೊಸ ಮಾಲೀಕ ಬಂದು ವಾಸಿ ಮಾಡಿಸ್ತಾನೆ, ಆದ್ರೆ ರಕ್ತನಾಳದಲ್ಲಿ ವಿಷದ ಚೀಲಗಳನ್ನ ಇಡಿಸ್ತಾನೆ. ಅವು ನಿಧಾನಕ್ಕೆ ಕರಗ್ತಾ ಇರುತ್ತವೆ. ಹೇಳಿದ ಕೆಲಸ ಟೈಮ್‌ಗೆ ಮುಗಿಸಿದ್ರೆ ತೆಗೆಸ್ತಾನೆ, ಇಲ್ಲಾಂದ್ರೆ ಇಲ್ಲ. ನಮ್ಮಲ್ಲಿ ಫ್ರೆಶರ್‌ಗಳ ಹತ್ರ ಎರಡು ವರ್ಷದ ಬಾಂಡ್ ಬರೆಸ್ಕೊಂಡು ಮಾರ್ಕ್ಸ್ ಕಾರ್ಡ್ ಇಟ್ಕೊಳ್ಳೋ ಕಂಪನಿಗಳಿಗೆ ಈ ಐಡಿಯಾ ಇನ್ನೂ ತಲುಪಿಲ್ಲ, ಪುಣ್ಯ.

ಈ ಕಣ್ಣಿನಿಂದ ಉಳಿದ ಹೆಸರುಗಳನ್ನ ನೋಡಿ. 1989ರಲ್ಲಿ 'ಶಾಡೋರನ್' ಅನ್ನೋ ಆಟ ಬಂತು. ಅದರಲ್ಲಿ ಹ್ಯಾಕರ್ ಹೆಸರು 'ಡೆಕರ್'. ಕೈಯಲ್ಲಿರೋ ಸಲಕರಣೆ ಡೆಕ್, ಅದನ್ನ ನಡೆಸೋನು ಡೆಕರ್. ಲಾರಿ ಡ್ರೈವರ್, ಕ್ರೇನ್ ಆಪರೇಟರ್ ಅಂದ ಹಾಗೆ. ಇಡೀ ತಂಡಕ್ಕೆ 'ರನ್ನರ್'ಗಳು ಅಂತ ಹೆಸರು. ಇವರಿಗೆ ಕೆಲಸ ಕೊಡೋದು ಕಂಪನಿಗಳೇ, ಒಂದು ಕಂಪನಿ ಇನ್ನೊಂದರ ಮೇಲೆ ಬಿಡೋಕೆ. ಕೆಲಸ ಹಿಡ್ಕೊಂಡು ಬರೋ ದಲ್ಲಾಳಿ ಯಾರೇ ಆಗಿರಲಿ, ಅವನ ಹೆಸರು 'ಮಿಸ್ಟರ್ ಜಾನ್ಸನ್'. ಎಲ್ಲರೂ ಜಾನ್ಸನ್. ಮಾಲೀಕನಿಗೆ ಮುಖ ಇಲ್ಲ, ಪಿಎಫ್ ಇಲ್ಲ, ಇಎಸ್‌ಐ ಅಂತೂ ಕೇಳಲೇಬೇಡಿ. ಸಿಕ್ಕಿಬಿದ್ದರೆ ನಿಮ್ಮನ್ನ ನಾನು ನೋಡೇ ಇಲ್ಲ ಅಂತಾನೆ. 2077ರ ಗೇಮ್‌ನಲ್ಲಿ ಕಂಪನಿ ಮಂದಿಗೆ 'ಕಾರ್ಪೊ' ಅಂತಾರೆ, ಅದು ಬೈಗುಳ. ಗೆಳೆಯನಿಗೆ 'ಚೂಮ್'. ಕನ್ನಡಕ್ಕೆ ಇಳಿಸಿದ್ರೆ ಚೂಮ್ ಅಂದ್ರೆ 'ಮಗಾ', ಬೇರೆ ಪದ ಬೇಕಾಗೇ ಇಲ್ಲ.

ಆ ಕೇಳುಗರಿಗೆ ನನ್ನ ಉತ್ತರ ಇದು. ಪತ್ರಿಕೆಯವರ ಕೈಯಲ್ಲಿ ಹ್ಯಾಕರ್ ಅಂದ್ರೆ ಏನು ಮಾಡಿದ ಅನ್ನೋದು ಮಾತ್ರ: ನುಗ್ಗಿದ, ಕದ್ದ. ಕೌಬಾಯ್, ಡೆಕರ್, ರನ್ನರ್ ಅಂದಾಗ ಇನ್ನೊಂದು ಪ್ರಶ್ನೆ ಬರುತ್ತೆ: ಯಾರ ಪರವಾಗಿ, ಯಾರ ದುಡ್ಡಿಗೆ? ಹೆಸರಲ್ಲೇ ಕೂಲಿ ಇದೆ. ಬರೆದವರೆಲ್ಲ ಇದನ್ನ ಲೆಕ್ಕ ಹಾಕಿಯೇ ಇಟ್ಟರು ಅಂತ ನಾನು ಹೇಳಲ್ಲ. ಆದ್ರೆ ಎಲ್ಲರ ಕೈಯೂ ಕೆಲಸದ ಹೆಸರಿನ ಕಡೆಗೇ ಹೋಯ್ತು. 1981ರಲ್ಲಿ ವರ್ನರ್ ವಿಂಜಿ 'ಟ್ರೂ ನೇಮ್ಸ್' ಕಥೆಯಲ್ಲಿ ಇವರನ್ನ ಮಾಂತ್ರಿಕರು ಅಂತ ಕರೆದಿದ್ರು. ಒಳ್ಳೇ ಕಥೆ, ಅಸಲಿ ಹೆಸರು ಗೊತ್ತಾದ್ರೆ ಮಾಂತ್ರಿಕನ ಕಥೆ ಮುಗೀತು ಅನ್ನೋದು ಅದರ ತಿರುಳು. ಆದ್ರೆ ಆ ಪದ ನಿಲ್ಲಲಿಲ್ಲ.

ಈಗ ದಾಳಿಯ ಕಥೆಗೆ ಬರ್ತೀನಿ. ಹೆಸರು ಅನ್ನೋದು ಬರೀ ಸ್ಟೈಲ್ ಅಲ್ಲ ಅಂತ ನನಗೆ ಅನ್ನಿಸಿದ್ದು ಇಲ್ಲೇ.

1990ರ ಮಾರ್ಚ್ 1. ಟೆಕ್ಸಸ್‌ನ ಆಸ್ಟಿನ್ ನಗರ. ಸ್ಟೀವ್ ಜಾಕ್ಸನ್ ಗೇಮ್ಸ್ ಅನ್ನೋ ಸಣ್ಣ ಕಂಪನಿ. ಅವರು ಮಾರೋದು ಬೋರ್ಡ್ ಗೇಮ್, ಆಟದ ಪುಸ್ತಕ. ಬೆಳಗ್ಗೆ ಅಮೆರಿಕದ ಸೀಕ್ರೆಟ್ ಸರ್ವಿಸ್‌ನವರು ನುಗ್ಗಿದ್ರು. ಕಂಪ್ಯೂಟರ್‌ಗಳನ್ನ ಹೊತ್ಕೊಂಡು ಹೋದ್ರು. ಅದರಲ್ಲಿ ಅಚ್ಚಿಗೆ ಹೋಗಬೇಕಿದ್ದ ಒಂದು ಪುಸ್ತಕದ ಪ್ರತಿಯೂ ಇತ್ತು. ಪುಸ್ತಕದ ಹೆಸರು 'ಗರ್ಪ್ಸ್ ಸೈಬರ್‌ಪಂಕ್'. ದಾಳ ಹಾಕಿ ಆಡೋ ಆಟದ ನಿಯಮಗಳು, ಅಷ್ಟೇ. ವಾಪಸ್ ಕೇಳೋಕೆ ಹೋದಾಗ ಅಧಿಕಾರಿಗಳು ಇದು ಕಂಪ್ಯೂಟರ್ ಅಪರಾಧದ ಕೈಪಿಡಿ ಅಂದ್ರು ಅಂತ ಸ್ಟೀವ್ ಜಾಕ್ಸನ್ ಹೇಳಿದ್ದಾರೆ. ಕಥೆಯ ಕೌಬಾಯ್‌ಗೂ ನಿಜದ ಕಳ್ಳನಿಗೂ ನಡುವಿನ ಗೆರೆ ಅಳಿಸಿಹೋಗಿತ್ತು.

ಅವರು ಅಲ್ಲಿಗೆ ಬಂದಿದ್ದು ಯಾಕೆ? ಪುಸ್ತಕ ಬರೆದ ಲಾಯ್ಡ್ ಬ್ಲ್ಯಾಂಕೆನ್‌ಶಿಪ್ ಆ ಕಂಪನಿಯ ನೌಕರ. ಹ್ಯಾಕರ್ ವಲಯದಲ್ಲಿ ಅವರ ಹೆಸರು 'ದ ಮೆಂಟರ್'. 1986ರಲ್ಲಿ ಬಂಧನಕ್ಕೆ ಒಳಗಾದ ಮೇಲೆ ಅವರು ಬರೆದ ಪುಟ್ಟ ಬರಹವನ್ನ ಇವತ್ತಿಗೂ ಹ್ಯಾಕರ್ ಪ್ರಣಾಳಿಕೆ ಅಂತ ಓದ್ತಾರೆ. ಬೆಲ್‌ಸೌತ್ ಅನ್ನೋ ಟೆಲಿಫೋನ್ ಕಂಪನಿಯ ಒಂದು ದಾಖಲೆ ಕಳುವಾಗಿ, 1989ರಲ್ಲಿ 'ಫ್ರ್ಯಾಕ್' ಅನ್ನೋ ಹ್ಯಾಕರ್ ಪತ್ರಿಕೆಯಲ್ಲಿ ಪ್ರಕಟ ಆಗಿತ್ತು. ಅದರ ಜಾಡು ಹಿಡಿದು ಇವರ ಮೇಲೂ ಅನುಮಾನ ಬಂತು.

ಬಿ.ಕಾಂನವರು ಇಲ್ಲಿ ಸ್ವಲ್ಪ ನೆಟ್ಟಗೆ ಕೂತ್ಕೊಳ್ಳಿ. ಆ ದಾಖಲೆ ತುರ್ತು ಕರೆ ವ್ಯವಸ್ಥೆ ಬಗ್ಗೆ ಕೆಲವೇ ಪುಟಗಳ ಆಡಳಿತದ ಬರಹ. ಟೆಲಿಫೋನ್ ಕಂಪನಿ ಅದಕ್ಕೆ ಕಟ್ಟಿದ ಬೆಲೆ 79,449 ಡಾಲರ್. ಹೇಗೆ ಅಂತೀರಾ? ಅದನ್ನ ಟೈಪ್ ಮಾಡಿದ ಕಂಪ್ಯೂಟರ್‌ನ ಪೂರ್ತಿ ಬೆಲೆ, ಪ್ರಿಂಟರ್‌ನ ಪೂರ್ತಿ ಬೆಲೆ, ಬರೆದವರ, ನೋಡಿದವರ, ಸಹಿ ಹಾಕಿದವರ ಗಂಟೆಗಳ ಲೆಕ್ಕ, ಎಲ್ಲವನ್ನೂ ಆ ಒಂದು ದಾಖಲೆಯ ಖಾತೆಗೆ ಹಾಕಿದ್ರು. ಹತ್ತು ವರ್ಷ ಬಾಳೋ ಮೆಷಿನ್ನನ್ನ ಒಂದು ಜೆರಾಕ್ಸ್ ಪ್ರತಿಯ ಖರ್ಚಿಗೆ ಬರೆದ ಹಾಗೆ. ನಮ್ಮ ಕಾಸ್ಟ್ ಅಕೌಂಟೆನ್ಸಿ ಮೇಷ್ಟ್ರು ನೋಡಿದ್ರೆ ಪೇಪರ್ ಹರಿದು ಹಾಕ್ತಿದ್ರು. ಆ ಪತ್ರಿಕೆಯ ಸಂಪಾದಕ ಕಾಲೇಜು ಹುಡುಗ, ಅವನ ಮೇಲೆ ಕೇಸ್ ನಡೀತು. ಅಷ್ಟೇ ಮಾಹಿತಿ ಇರೋ ಪುಸ್ತಿಕೆಯನ್ನ ಫೋನ್ ಕಂಪನಿಗಳ ಕಡೆಯವರೇ ಯಾರು ಕೇಳಿದ್ರೂ 13 ಡಾಲರ್‌ಗೆ ಮಾರ್ತಾರೆ ಅಂತ ಕೋರ್ಟಿನಲ್ಲಿ ಹೊರಬಂತು. ಕೇಸ್ ಅಲ್ಲೇ ಬಿದ್ದುಹೋಯ್ತು.

ಸ್ಟೀವ್ ಜಾಕ್ಸನ್ ಕಂಪನಿ ಮೇಲೆ ಯಾವ ಆರೋಪವನ್ನೂ ಹೊರಿಸಲೇ ಇಲ್ಲ. ಆದ್ರೆ ಕಂಪ್ಯೂಟರ್ ಇಲ್ಲ, ಪುಸ್ತಕ ಇಲ್ಲ, ಕ್ಯಾಶ್ ಇಲ್ಲ. ಕೆಲಸದವರಲ್ಲಿ ಸುಮಾರು ಅರ್ಧ ಜನರನ್ನ ಮನೆಗೆ ಕಳಿಸಬೇಕಾಯ್ತು. ಅವರೇ ಸರ್ಕಾರದ ಮೇಲೆ ಕೇಸ್ ಹಾಕಿದ್ರು. ಇಂತಹ ಪ್ರಕರಣಗಳ ಹಿನ್ನೆಲೆಯಲ್ಲೇ ಆಗಷ್ಟೇ ಹುಟ್ಟಿದ್ದ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ ಬೆನ್ನಿಗೆ ನಿಂತಿತು. 1993ರಲ್ಲಿ ಗೆದ್ದರು: 50,000 ಡಾಲರ್ ಪರಿಹಾರ, ಜೊತೆಗೆ ವಕೀಲರ ಖರ್ಚು. ಪುಸ್ತಕವನ್ನ ಮತ್ತೆ ಕಟ್ಟಿ ಪ್ರಕಟಿಸಿದ್ರು, ಸೀಕ್ರೆಟ್ ಸರ್ವಿಸ್ ಜಪ್ತಿ ಮಾಡಿದ ಪುಸ್ತಕ ಇದೇ ಅಂತ ಮುಖಪುಟದಲ್ಲೇ ಹಾಕಿದ್ರು. 1992ರಲ್ಲಿ 'ಹ್ಯಾಕರ್' ಅಂತಲೇ ಒಂದು ಕಾರ್ಡ್ ಗೇಮ್ ಮಾಡಿದ್ರು. ವ್ಯಾಪಾರಸ್ಥ ಅಂದ್ರೆ ಹೀಗಿರಬೇಕು.

ನಮ್ಮ ದೇಶಕ್ಕೆ ಬರೋಣ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಸೆಕ್ಷನ್ನಿನ ಹೆಸರಲ್ಲೇ 'ಹ್ಯಾಕಿಂಗ್' ಅನ್ನೋ ಪದ ಇತ್ತು. ಅದರ ಪ್ರಕಾರ, ಇನ್ನೊಬ್ಬರಿಗೆ ನಷ್ಟ ಮಾಡೋ ಉದ್ದೇಶದಿಂದ, ಅಥವಾ ನಷ್ಟ ಆಗಬಹುದು ಅಂತ ಗೊತ್ತಿದ್ದೂ, ಕಂಪ್ಯೂಟರ್‌ನಲ್ಲಿರೋ ಮಾಹಿತಿ ಅಳಿಸಿದ್ರೆ, ಬದಲಾಯಿಸಿದ್ರೆ, ಅದರ ಬೆಲೆ ಕಡಿಮೆ ಮಾಡಿದ್ರೆ ಅದು ಹ್ಯಾಕಿಂಗ್. ಮೂರು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ. ಅಂದ್ರೆ ಕಾನೂನಿನ ಕಣ್ಣಲ್ಲಿ, ಆಫೀಸಿನ ಫೈಲನ್ನ ಸಿಟ್ಟಲ್ಲಿ ಡಿಲೀಟ್ ಮಾಡಿದ ಗುಮಾಸ್ತನೂ ಹ್ಯಾಕರ್ ಆಗಬಹುದಿತ್ತು. 2008ರ ತಿದ್ದುಪಡಿಯಲ್ಲಿ ಆ ಸೆಕ್ಷನ್ ಬದಲಾಯಿಸಿ, ಹ್ಯಾಕಿಂಗ್ ಪದ ತೆಗೆದು, ಕಂಪ್ಯೂಟರ್‌ಗೆ ಸಂಬಂಧಿಸಿದ ಅಪರಾಧಗಳು ಅಂತ ಹಾಕಿದ್ರು. ಜಾರಿಗೆ ಬಂದಿದ್ದು 2009ರ ಅಕ್ಟೋಬರ್‌ನಲ್ಲಿ. ಕಾನೂನು ಬಿಟ್ಟ ಪದವನ್ನ ನಾವಿನ್ನೂ ಬಿಟ್ಟಿಲ್ಲ.

ಕನ್ನಡ ಪತ್ರಿಕೆಗಳಲ್ಲಿ ಒಂದು ಹೆಡ್‌ಲೈನ್ ನೀವು ನೂರು ಸಲ ಓದಿರ್ತೀರಿ: ಬ್ಯಾಂಕ್ ಖಾತೆಗೆ ಕನ್ನ. ನನಗೆ ಈ ಪದ ಇಷ್ಟ. ಕನ್ನ ಅಂದ್ರೆ ಕಳ್ಳ ರಾತ್ರಿ ಹೊತ್ತು ಮನೆ ಗೋಡೆ ಕೊರೆದು ಮಾಡೋ ತೂತು. ಹ್ಯಾಕ್ ಮಾಡೋದಕ್ಕೆ ಇಷ್ಟು ಚೆನ್ನಾಗಿ ಕೂರೋ ಪದ ಇಂಗ್ಲಿಷ್‌ನಲ್ಲೂ ಇಲ್ಲ. ತೊಂದರೆ ಏನಂದ್ರೆ, ಆ ಸುದ್ದಿ ಕೆಳಗೆ ಓದಿದ್ರೆ ಬಹಳ ಸಲ ಕನ್ನವೇ ಇರಲ್ಲ. ಯಾರೋ ಫೋನ್ ಮಾಡಿ ಕೆವೈಸಿ ಅಪ್‌ಡೇಟ್ ಅಂದಿದ್ದಾನೆ, ಒಟಿಪಿ ಕೇಳಿದ್ದಾನೆ, ಇವರು ಹೇಳಿದ್ದಾರೆ. ಇಲ್ಲಾಂದ್ರೆ ವಿಡಿಯೊ ಕಾಲ್‌ನಲ್ಲಿ ಪೊಲೀಸ್ ಡ್ರೆಸ್ ಹಾಕ್ಕೊಂಡು ಕೂತು 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸಿ ದುಡ್ಡು ಹಾಕಿಸ್ಕೊಂಡಿದ್ದಾನೆ. ಗೋಡೆ ಗಟ್ಟಿಯಾಗೇ ಇದೆ, ಬಾಗಿಲು ತೆಗೆಸಿದ್ದಾರೆ. ಇದು ಹಳೇ ಟೋಪಿ ಹಾಕೋ ಕೆಲಸ, ಫೋನ್ ಮಾತ್ರ ಹೊಸದು.

ಇದಕ್ಕೆ ಹ್ಯಾಕ್ ಅಂದ್ರೆ ಏನು ನಷ್ಟ? ನಮ್ಮ ಬೀದಿಯ ದಿನಸಿ ಅಂಗಡಿ ಅಂಕಲ್ 18,000 ರೂಪಾಯಿ ಕಳ್ಕೊಂಡಾಗ ಯಾರಿಗೂ ಹೇಳದೆ ನಾಲ್ಕು ದಿನ ಸುಮ್ನಿದ್ರು. ಯಾಕೆ ಅಂಕಲ್ ಅಂದೆ. "ಹ್ಯಾಕರ್‌ಗಳು ಕಣಪ್ಪ, ಅವರ ಮುಂದೆ ಪೊಲೀಸರು ತಾನೇ ಏನ್ ಮಾಡ್ತಾರೆ" ಅಂದ್ರು. ಸಿನಿಮಾದಲ್ಲಿ ಹಸಿರು ಅಕ್ಷರ ಸುರಿಯೋ ಸ್ಕ್ರೀನ್ ಮುಂದೆ ಕೂತಿರ್ತಾನಲ್ಲ, ಅವನು ಅವರ ಕಣ್ಣ ಮುಂದೆ ಬಂದಿದ್ದ. ನಿಜದಲ್ಲಿ ಆ ಕಡೆ ಇದ್ದಿದ್ದು ಒಂದು ಸಿಮ್ ಮತ್ತು ಒಂದು ಸುಳ್ಳು. ಬೇಗ 1930ಕ್ಕೆ ಫೋನ್ ಮಾಡಿದ್ರೆ ದುಡ್ಡು ಮುಂದಿನ ಖಾತೆಗೆ ಹೋಗೋ ಮುಂಚೆ ತಡೆಯೋ ಸಾಧ್ಯತೆ ಇರುತ್ತೆ. ನಾಲ್ಕು ದಿನ ಆದ ಮೇಲೆ ಅದು ಎಷ್ಟು ಕೈ ದಾಟಿರುತ್ತೋ.

ಇನ್ನು ಮೋಸಕ್ಕೂ ಕೆಳಗಿನ ಮಟ್ಟದ ಕೂಲಿಗಳಿದ್ದಾರೆ. ಕಮಿಷನ್ ಆಸೆಗೆ ತಮ್ಮ ಬ್ಯಾಂಕ್ ಖಾತೆಯನ್ನ ಬಾಡಿಗೆ ಕೊಡೋರು, ಅದರಲ್ಲಿ ಕಾಲೇಜು ಹುಡುಗರೂ ಇರ್ತಾರೆ. ಪೊಲೀಸರು ಇವಕ್ಕೆ 'ಮ್ಯೂಲ್' ಖಾತೆ ಅಂತಾರೆ. ಹೇಸರಗತ್ತೆ. ಹೊರೋದಷ್ಟೇ ಇದರ ಕೆಲಸ. ಮಿಸ್ಟರ್ ಜಾನ್ಸನ್ ಎಲ್ಲೋ ಇರ್ತಾನೆ, ಸಿಕ್ಕಿಬೀಳೋದು ಹೇಸರಗತ್ತೆ. ಗಿಬ್ಸನ್ ಲೋಕಕ್ಕೆ ನಮ್ಮಲ್ಲಿ ತೀರಾ ಹತ್ತಿರ ಇರೋ ಪದ ಇದೇ ಅಂತ ನನಗೆ ಅನ್ಸುತ್ತೆ.

ಕೊನೆಯದಾಗಿ ನಮ್ಮ ನಿಮ್ಮಂಥ ಬಳಕೆದಾರರು. 1992ರಲ್ಲಿ ನೀಲ್ ಸ್ಟೀಫನ್‌ಸನ್ 'ಸ್ನೋ ಕ್ರ್ಯಾಶ್' ಬರೆದ್ರು. ಮೆಟಾವರ್ಸ್ ಅನ್ನೋ ಪದ ಅಲ್ಲಿಂದ ಬಂದಿದ್ದು. ಆನ್‌ಲೈನ್ ರೂಪಕ್ಕೆ 'ಅವತಾರ್' ಅನ್ನೋದು ಜನಪ್ರಿಯ ಆಗಿದ್ದೂ ಆ ಪುಸ್ತಕದಿಂದಲೇ, ಅದಕ್ಕೂ ಮೊದಲು ಕೆಲವು ಕಂಪ್ಯೂಟರ್ ಗೇಮ್‌ಗಳಲ್ಲಿ ಇತ್ತು. ಯಕ್ಷಗಾನವನ್ನ ದಶಾವತಾರದ ಆಟ ಅಂತ ಕರೀತಿದ್ದ ಕರಾವಳಿಯವರಿಗೆ ವೇಷ ಹಾಕಿ ಇನ್ನೊಂದು ಲೋಕಕ್ಕೆ ಇಳಿಯೋದು ಹೊಸ ಸುದ್ದಿಯೇನಲ್ಲ. ಅದೇ ಕಾದಂಬರಿಯಲ್ಲಿ ಮೈತುಂಬ ಕಂಪ್ಯೂಟರ್ ಕಟ್ಕೊಂಡು, ಎದುರಿಗಿರೋರ ಜೊತೆ ಮಾತಾಡ್ತಾನೇ ಅರ್ಧ ಗಮನ ನೆಟ್‌ನಲ್ಲಿ ಇಟ್ಟಿರೋ ಜನರಿಗೆ 'ಗಾರ್ಗಾಯ್ಲ್' ಅಂತಾರೆ. ಯುರೋಪಿನ ಚರ್ಚ್ ಗೋಡೆಗಳ ಮೇಲಿರೋ ವಿಕಾರ ಮುಖದ ಕಲ್ಲುಬೊಂಬೆ ಅದು. ಮದುವೆ ಊಟದ ಪಂಕ್ತಿಯಲ್ಲಿ ಒಂದು ಸಲ ಕಣ್ಣಾಡಿಸಿ, ಎಲೆಗೊಂದು ಗಾರ್ಗಾಯ್ಲ್ ಕೂತಿರುತ್ತೆ.

ಇಂಗ್ಲಿಷ್‌ನಲ್ಲಿ 1990ರ ದಶಕದಲ್ಲಿ 'ನೆಟಿಜನ್' ಅನ್ನೋ ಪದವನ್ನ ಮೈಕೆಲ್ ಹಾಬೆನ್ ಹರಡಿದ್ರು, ಇಂಟರ್‌ನೆಟ್ಟಿನ ಜವಾಬ್ದಾರಿಯುತ ನಾಗರಿಕ ಅನ್ನೋ ಅರ್ಥದಲ್ಲಿ. ಕನ್ನಡದಲ್ಲಿ ಅದು 'ನೆಟ್ಟಿಗ' ಆಯ್ತು. ಕನ್ನಡಿಗ, ಒಕ್ಕಲಿಗ ಅಂದ ಹಾಗೆ ನೆಟ್ಟಿಗ. ಎಷ್ಟು ಸಹಜವಾಗಿ ಕೂತಿದೆ ನೋಡಿ. ಆದ್ರೆ ನಮ್ಮ ಸುದ್ದಿಗಳಲ್ಲಿ ನೆಟ್ಟಿಗರಿಗೆ ಇರೋ ಕೆಲಸ ಎರಡೇ, ಒಂದೋ ಅವರು ಗರಂ ಆಗಬೇಕು, ಇಲ್ಲಾ ಫಿದಾ ಆಗಬೇಕು. ಮೂರನೇ ಕ್ರಿಯಾಪದ ನಾನಂತೂ ಓದಿಲ್ಲ.

ಇವತ್ತಿಗೆ ಇಷ್ಟು. ಖಾತೆಗೆ ಕನ್ನ ಹಾಕದೆ ಬರೀ ಮಾತಲ್ಲೇ ದುಡ್ಡು ಎತ್ತೋನಿಗೆ ನಿಮ್ಮೂರ ಕಡೆ ಏನಂತ ಕರೀತಾರೆ, ವಾಯ್ಸ್ ಮೆಸೇಜ್ ಮಾಡಿ. ಧಾರವಾಡದ ಗೆಳತಿಯೊಬ್ಬಳು ಆಗಲೇ ಒಂದು ಪದ ಕಳಿಸಿದ್ದಾಳೆ, ಆದ್ರೆ ಅದನ್ನ ಇಲ್ಲಿ ಹೇಳೋ ಹಾಗಿಲ್ಲ.